ಕಂಬಳಿ ಸುಟ್ಟ ವಾಸನೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ಬರೀ ನಕ್ಕಿದ್ದಲ್ಲ, ಹೇಳಿದವರ ನಾಡಿ ಹಿಡಿದು, ನಾಲಿಗೆ ನೋಡಿ, "ಹೊಟ್ಟೆ ಕೆಟ್ಟಿದೆ, ಭೇದಿಗೆ ತಗೊಳ್ಳಿ" ಎಂದು ಕಳಿಸಿಕೊಟ್ಟವನು. ದೆವ್ವ, ಗಾಳಿ, ಮುಂದಾಗುವುದು ಮೊದಲೇ ತಿಳಿಯುವುದು, ಇವೆಲ್ಲ ನಿದ್ದೆಗೆಟ್ಟವರ ಅಥವಾ ನರ ದುರ್ಬಲವಾದವರ ಕಲ್ಪನೆ ಎಂದೇ ನನ್ನ ತೀರ್ಮಾನವಾಗಿತ್ತು. ಈಗಲೂ ಬಹುಮಟ್ಟಿಗೆ ಹಾಗೇ ಅಂದುಕೊಂಡಿದ್ದೇನೆ. ಒಂದು ಮಧ್ಯಾಹ್ನವನ್ನು ಬಿಟ್ಟು.

ಅದು ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಬೆಂಗಳೂರಿನಲ್ಲಿ ಕಲಿತು, ಚಳ್ಳಕೆರೆಯ ಸಣ್ಣ ಆಸ್ಪತ್ರೆಗೆ ಬಂದು ಎರಡು ವರ್ಷವಾಗಿತ್ತು. ಇಪ್ಪತ್ತಾರರ ವಯಸ್ಸು. ಎರಡು ಕೋಣೆ, ಕಲ್ಲುಚಪ್ಪಡಿಯ ಮಾಳಿಗೆ, ಮುಂದೊಂದು ಬೇವಿನ ಮರ, ಅಷ್ಟೇ ಆಸ್ಪತ್ರೆ. ಹಿಂದಿನ ಬೀದಿಯಲ್ಲಿ ಕುರುಬರು ಕಂಬಳಿ ನೇಯುತ್ತಿದ್ದರು. ಬರುತ್ತಿದ್ದ ರೋಗಿಗಳು ಚೇಳು ಕಚ್ಚಿದವರು, ಚಳಿಜ್ವರದವರು, ಕಣ್ಣುಬೇನೆಯವರು.

ನರಗಳ ಕಾಯಿಲೆಗೆ ಆಗ ನಮ್ಮ ಕೈಯಲ್ಲಿ ಇದ್ದದ್ದು ಬಹಳ ಕಡಿಮೆ. ಲಕ್ವ ಹೊಡೆದವರಿಗೆ ಎಣ್ಣೆ ತಿಕ್ಕಿಸುತ್ತಿದ್ದೆವು. ದೊಡ್ಡ ಊರುಗಳಲ್ಲಿ ಬ್ಯಾಟರಿ ಪೆಟ್ಟಿಗೆಯಿಂದ ಸತ್ತ ಕೈಗೆ ವಿದ್ಯುತ್ತು ಹಾಯಿಸಿ ಕುಣಿಸುತ್ತಿದ್ದರು, ಕೈ ಕುಣಿಯುತ್ತಿತ್ತೇ ಹೊರತು ತುತ್ತು ಎತ್ತುತ್ತಿರಲಿಲ್ಲ. ಮೂರ್ಛೆರೋಗಕ್ಕೆ ಮಾತ್ರ ನಮ್ಮಲ್ಲೊಂದು ನಿಜವಾದ ಔಷಧಿ ಇತ್ತು, ಬ್ರೋಮೈಡು. ಉಪ್ಪುಪ್ಪಾದ ನೀರು. ರೋಗ ಬೇರುಸಹಿತ ಹೋಗುತ್ತಿರಲಿಲ್ಲ, ಆದರೆ ಬಂದು ಬೀಳಿಸುವುದು ಕಡಿಮೆಯಾಗುತ್ತಿತ್ತು. ಹಳ್ಳಿಗಳಲ್ಲಿ ಜನ ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಿದ್ದರು, ಮೂಗಿಗೆ ಈರುಳ್ಳಿ ಹಿಂಡುತ್ತಿದ್ದರು, ಯಾವುದಕ್ಕೂ ಬಗ್ಗದಿದ್ದರೆ ಬರೆ ಹಾಕುತ್ತಿದ್ದರು. ಹೀಗಾಗಿ ಬ್ರೋಮೈಡಿನ ಸೀಸೆ ನನಗೆ ದೊಡ್ಡ ಹೆಮ್ಮೆಯ ವಸ್ತುವಾಗಿತ್ತು.

ಗೌರಮ್ಮ ಬಂದದ್ದು ಕಾರ್ತೀಕದ ಹೊತ್ತಿಗೆ. ಹತ್ತಿರದ ನನ್ನಿವಾಳ ಹಳ್ಳಿಯ ಒಕ್ಕಲುಮಗ ಬಸಪ್ಪನ ಹೆಂಡತಿ, ಇಪ್ಪತ್ತೆರಡು ಇಪ್ಪತ್ತಮೂರು ಇದ್ದಿರಬಹುದು. ತವರು ಮೊಳಕಾಲ್ಮೂರು. ಎರಡು ವರ್ಷದಿಂದ ಎಂಟು ಹತ್ತು ದಿನಕ್ಕೊಮ್ಮೆ ಮೂರ್ಛೆ ಬರುತ್ತಿತ್ತು. ಹಣೆಯ ಮೇಲೆ, ಕತ್ತಿನ ಹಿಂದೆ, ಎರಡೂ ಹಿಮ್ಮಡಿಗಳ ಮೇಲೆ ಬರೆಯ ಗುರುತು. ಎಡಗೈ ಮೊಳಕೈಯವರೆಗೂ ಸುಟ್ಟು ಮಾಗಿತ್ತು. ರೊಟ್ಟಿ ಸುಡುವಾಗ ಮೂರ್ಛೆ ಬಂದು ಒಲೆಗೇ ಬಿದ್ದಿದ್ದಳಂತೆ. ಬಸಪ್ಪ ಮೆಲುದನಿಯ ಮನುಷ್ಯ. "ಇನ್ನು ಬರೆ ಹಾಕಾಕೆ ಜಾಗ ಇಲ್ಲ ಡಾಕ್ಟ್ರೇ, ಅದಕ್ಕೆ ನಿಮ್ಮ ತಾವ ಕರ್ಕೊಂಡು ಬಂದೆ" ಎಂದ. ಅದನ್ನು ಅವನು ಕುಹಕಕ್ಕೆ ಹೇಳಿದ್ದಲ್ಲ.

ಮೂರ್ಛೆ ಬರುವ ಮೊದಲು ಏನಾದರೂ ತಿಳಿಯುತ್ತದೆಯೇ ಎಂದು ಕೇಳಿದೆ. ಹಾಗೆ ಕೇಳಬೇಕೆಂದು ನಮಗೆ ಕಲಿಸಿದ್ದರು. ಕೆಲವು ರೋಗಿಗಳಿಗೆ ಬೀಳುವ ಮುನ್ನ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಕೆಲವರಿಗೆ ಹೊಟ್ಟೆಯಿಂದ ಏನೋ ಮೇಲೆದ್ದ ಹಾಗಾಗುತ್ತದೆ, ಅಪರೂಪಕ್ಕೆ ಕೆಲವರಿಗೆ ಇಲ್ಲದ ವಾಸನೆ ಬರುತ್ತದೆ.

ಗೌರಮ್ಮ ಗಂಡನ ಮುಖ ನೋಡಿದಳು. ಆಮೇಲೆ ಹೇಳಿದಳು: "ವಾಸ್ನೆ ಬರ್ತೈತ್ರಿ. ಕಂಬಳಿ ಸುಟ್ಟ ವಾಸ್ನೆ. ಮನ್ಯಾಗೆ ಯಾರಿಗೂ ಬರಂಗಿಲ್ಲ, ನಂಗೊಬ್ಳಿಗೇ. ನಂಗೆ ಹುಚ್ಚು ಹಿಡೀತಾ ಐತೆ ಅಂತಾರೆ."

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಓದಿದ್ದು ಎದುರಿಗೆ ಕೂತಿತ್ತು. ಇದು ಹುಚ್ಚಲ್ಲ, ಮೆದುಳಿನಲ್ಲಿ ವಾಸನೆ ಗ್ರಹಿಸುವ ಜಾಗದಿಂದಲೇ ನಿನ್ನ ರೋಗ ಹೊರಡುತ್ತದೆ, ಹೊರಗೆ ಏನೂ ಸುಡುತ್ತಿರುವುದಿಲ್ಲ ಎಂದು ಗಂಡಹೆಂಡಿರಿಗೆ ವಿವರಿಸಿ, ಔಷಧಿ ಕೊಟ್ಟೆ.

ಮೂರು ತಿಂಗಳಲ್ಲಿ ಮೂರ್ಛೆ ನಿಂತಿತು. ಮೊದಲು ಎಂಟು ಹತ್ತು ದಿನಕ್ಕೊಮ್ಮೆ ಇದ್ದದ್ದು ಇಪ್ಪತ್ತು ದಿನಕ್ಕಾಯಿತು, ಆಮೇಲೆ ಬರಲೇ ಇಲ್ಲ. ಬಸಪ್ಪ ಒಂದು ಚೀಲ ಕಡಲೆಕಾಯಿ ಹೊತ್ತು ತಂದು ಆಸ್ಪತ್ರೆಯ ಜಗುಲಿಯ ಮೇಲಿಟ್ಟು ಹೋದ. ಔಷಧಿಯಿಂದ ಅವಳ ಮುಖದ ತುಂಬ ಗುಳ್ಳೆ ಎದ್ದಿದ್ದವು, ಮಾತು ನಿಧಾನವಾಗಿತ್ತು, ಹಿಟ್ಟು ಕಲಸಿಟ್ಟು ಮರೆಯುತ್ತಾಳೆ ಎಂದು ಅತ್ತೆ ದೂರುತ್ತಿದ್ದಳಂತೆ. ಅವೆಲ್ಲ ಇದ್ದದ್ದೇ ಎಂದೆ. ಒಲೆಗೆ ಬೀಳುವುದಕ್ಕಿಂತ ಮರೆವು ವಾಸಿ.

ಆದರೆ ಮಾಘದಲ್ಲಿ ಬಂದಾಗ ಅವಳೇ ಒಂದು ವಿಷಯ ಹೇಳಿದಳು. ಮೂರ್ಛೆ ಇಲ್ಲ, ವಾಸನೆ ಮಾತ್ರ ಹೋಗಿಲ್ಲ. ಮೊದಲು ವಾಸನೆ ಬಂದೊಡನೆ ಎಚ್ಚರ ತಪ್ಪುತ್ತಿತ್ತು. ಈಗ ಎಚ್ಚರ ತಪ್ಪುವುದಿಲ್ಲವಾದ್ದರಿಂದ ಪೂರ್ತಿ ವಾಸನೆ ಕೂತು ಅನುಭವಿಸಬೇಕು. "ಒಂದೊಂದು ಸಲ ನಮ್ಮವ್ವನ ಮನೆ ವಾಸ್ನೇನೂ ಅದ್ರಾಗೆ ಸೇರ್ಕೊಂಡಿರ್ತೈತೆ" ಎಂದಳು. ಇದೂ ಶಾಸ್ತ್ರಕ್ಕೆ ಹೊರತಾದದ್ದಲ್ಲ. ರೋಗವನ್ನು ಅರ್ಧ ದಾರಿಯಲ್ಲಿ ತಡೆದಿದ್ದೇವೆ, ಅದರ ತಲೆ ಮಾತ್ರ ಹೊರಗೆ ಉಳಿದಿದೆ ಎಂದುಕೊಂಡು ಔಷಧಿಯ ಪ್ರಮಾಣ ಹೆಚ್ಚಿಸಿದೆ.

ಬೇಸಿಗೆ ಬಂತು. ಸಿಡುಬು ಬಾರದಂತೆ ದೇವಿ ಚುಚ್ಚುವ ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಿ ಬರಲು ನನಗೆ ಮೊಳಕಾಲ್ಮೂರಿಗೆ ಹೋಗುವ ಅಪ್ಪಣೆಯಾಯಿತು. ಅದೇ ಸಮಯಕ್ಕೆ ಬಸಪ್ಪ ಬಂದ. ಗೌರಮ್ಮನ ತಾಯಿ ಚನ್ನಮ್ಮನಿಗೆ ಚಳಿಜ್ವರ ಹಿಡಿದಿದೆಯಂತೆ, ಗೌರಮ್ಮ ತವರಿಗೆ ಹೋಗಬೇಕೆನ್ನುತ್ತಾಳೆ, ದಾರಿಯಲ್ಲಿ ಏನಾದರೂ ಆದರೆ ನೀವಿದ್ದರೆ ಧೈರ್ಯ ಎಂದ. ಒಂದೇ ಗಾಡಿಯಲ್ಲಿ ಹೊರಟೆವು. ಗಾಡಿ ಹೊಡೆಯುವವನು ಓಬಣ್ಣ, ಮೊಳಕಾಲ್ಮೂರಿನ ಕಡೆಯವನೇ, ಅರ್ಧ ತೆಲುಗು ಅರ್ಧ ಕನ್ನಡ ಆಡುವವನು. ಬೇಸಿಗೆಯಲ್ಲಿ ಎಲ್ಲರೂ ರಾತ್ರಿ ಪ್ರಯಾಣ ಮಾಡುವುದು ವಾಡಿಕೆ. ನಿದ್ದೆಗೆಟ್ಟರೆ ಮೂರ್ಛೆ ಬರುತ್ತದೆಂದು ನಾನು ಬೇಡವೆಂದೆ. ದಾರಿಯಲ್ಲಿ ತಳಕು ಎಂಬ ಊರಿನಲ್ಲಿ ರಾತ್ರಿ ತಂಗಿ, ಮಬ್ಬಿಗೇ ಎದ್ದು ಮುಂದೆ ಸಾಗಿದೆವು.

ಮೊಳಕಾಲ್ಮೂರಿನ ಹತ್ತಿರ ನೆಲದ ರೂಪವೇ ಬೇರೆ. ಬಂಡೆಯ ಮೇಲೆ ಬಂಡೆ, ಯಾರೋ ಪೇರಿಸಿಟ್ಟ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಕಾದು ಕೆಂಡವಾಗಿದ್ದವು. ಊರು ಇನ್ನೊಂದು ಮೈಲಿ ಚಿಲ್ಲರೆ ಇದ್ದಾಗ, ಗಾಡಿಯ ಕಮಾನಿನೊಳಗೆ ಒರಗಿ ಕೂತಿದ್ದ ಗೌರಮ್ಮ ತಟ್ಟನೆ ನೆಟ್ಟಗೆ ಕೂತಳು.

"ರೀ, ಗಾಡಿ ಜೋರಾಗಿ ಹೊಡಿಯಾಕೆ ಹೇಳ್ರಿ."

"ಯಾಕೆ? ವಾಸ್ನೆ ಬಂತಾ?" ಎಂದ ಬಸಪ್ಪ.

"ಬಂತು. ಯಾವತ್ತೂ ಇಂಗೆ ಬಂದಿರಲಿಲ್ಲ. ನಮ್ಮವ್ವನ ತಾವ ಹೋಗ್ಬೇಕು. ಈಗ್ಲೇ ಹೋಗ್ಬೇಕು."

ನಾನು ಗಾಡಿ ನಿಲ್ಲಿಸಲು ಹೇಳಿದೆ. ಎರಡು ದಿನದ ಕುಲುಕಾಟ, ಬಿಸಿಲು, ತಾಯಿಯ ಚಿಂತೆ. ಮೂರ್ಛೆ ಬರಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಎದ್ದುಬಿದ್ದು ಓಡುವ ಗಾಡಿಯಿಂದ ಆ ಬಂಡೆಗಳ ಮೇಲೆ ಬಿದ್ದರೆ ತಲೆ ಉಳಿಯುವುದಿಲ್ಲ. ದಾರಿಯ ಪಕ್ಕ ಒಂದು ಹೊಂಗೆಮರವಿತ್ತು. ಅಲ್ಲಿ ಇಳಿಸಿ ಮಲಗಿಸಬೇಕೆಂದೆ.

ಅವಳು ಗಾಡಿಯ ಗೂಟ ಹಿಡಿದುಕೊಂಡಳು. "ನಿಲ್ಲಿಸಬ್ಯಾಡ್ರಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಮೂರ್ಛೆ ಬಂದ್ರೆ ಬರ್ಲಿ, ಅಲ್ಲೋಗಿ ಬೀಳ್ತೀನಿ."

"ಇದು ನಿನ್ನ ರೋಗ ಆಡಿಸೋ ಮಾತಮ್ಮ. ಇಳಿ ಕೆಳಗೆ."

ಬಸಪ್ಪ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಕೊನೆಗೆ "ಡಾಕ್ಟ್ರು ಹೇಳಿದ್ ಕೇಳೇ" ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಗೂಟದಿಂದ ಬಿಡಿಸಿದ.

ಮರದ ಕೆಳಗೆ ಅವಳನ್ನು ಮಲಗಿಸಿ ಔಷಧಿ ಕುಡಿಸಿದೆ. ಗಡಿಯಾರ ತೆಗೆದು ನಾಡಿ ಎಣಿಸಲು ಕೂತೆ. ಎರಡು ಗಂಟೆ ಹತ್ತು ನಿಮಿಷ. ಇಂಥವನ್ನೆಲ್ಲ ಬರೆದಿಡುವ ಅಭ್ಯಾಸ ನನಗಿತ್ತು, ಸಣ್ಣ ಪುಸ್ತಕದಲ್ಲಿ ಹೊತ್ತು ಬರೆದೆ. ಮತ್ತೆ ಅವಳ ಮಣಿಕಟ್ಟು ಹಿಡಿದು ಬಗ್ಗಿದೆ. ಆಗ ನನಗೂ ವಾಸನೆ ಬಂತು.

ಇದನ್ನು ಹೇಗೆ ಹೇಳಿದರೂ ಕಥೆಯಂತೆ ಕಾಣುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಉಣ್ಣೆ ಸುಟ್ಟ ವಾಸನೆ, ಕೂದಲು ಸುಟ್ಟಂಥದು. ಅದರ ಹಿಂದೆಯೇ ಇನ್ನೊಂದು, ಹುಣಸೆಬೀಜದ ಗಂಜಿ ಸೀದ ವಾಸನೆ. ಹೊಸ ಕಂಬಳಿಗೆ ಆ ಗಂಜಿ ಹಾಕುತ್ತಾರೆ. ಎರಡು ವರ್ಷ ಕಂಬಳಿಯವರ ಬೀದಿಗೆ ಬೆನ್ನುಕೊಟ್ಟು ಬದುಕಿದ ನನಗೆ ಅದು ಚೆನ್ನಾಗಿ ಗೊತ್ತು. ಗಂಟಲಿಗೆ ಹತ್ತುವಷ್ಟು ದಟ್ಟವಾಗಿತ್ತು. ತಲೆಯೆತ್ತಿ ಸುತ್ತ ನೋಡಿದೆ. ಹೊಗೆಯಿಲ್ಲ, ಕುರಿಹಟ್ಟಿಯಿಲ್ಲ, ಒಂದು ನರಪಿಳ್ಳೆಯಿಲ್ಲ.

"ಓಬಣ್ಣ, ಎಲ್ಲಾದ್ರೂ ಏನಾದ್ರೂ ಸುಡ್ತಾ ಇದೆಯೇನು?"

ಓಬಣ್ಣ ಮೂಗೆತ್ತಿ ನೋಡಿದ. "ಏಮೀ ಲೇದು ಸಾಮಿ, ಏನೂ ಇಲ್ಲ. ಬಂಡೆ ಸುಡಬೇಕು, ಅಷ್ಟೇಯ."

ಬಸಪ್ಪನಿಗೂ ಏನೂ ಬಂದಿರಲಿಲ್ಲ. ಗೌರಮ್ಮ ಮಲಗಿದ್ದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ.

"ನಿಮಗೂ ಬಂತಾ?"

"ಇಲ್ಲ" ಎಂದೆ.

ಆ ಸುಳ್ಳನ್ನು ಯಾಕೆ ಹೇಳಿದೆನೆಂದು ಬಹಳ ಸಲ ಯೋಚಿಸಿದ್ದೇನೆ. ರೋಗಿಯ ಭ್ರಮೆಗೆ ಇಂಬು ಕೊಡಬಾರದೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನಗೆ ಹೆದರಿಕೆಯಾಗಿತ್ತು. ಅವಳ ರೋಗ ನನಗೂ ಅಂಟಿತೇನೋ ಎಂದು ಆ ಗಳಿಗೆಯಲ್ಲಿ ಅನಿಸಿತ್ತು. ಮೂರ್ಛೆರೋಗ ಅಂಟುವಂಥದ್ದಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ.

ಐದಾರು ನಿಮಿಷದಲ್ಲಿ ವಾಸನೆ ಹೋಯಿತು. ಗೌರಮ್ಮನಿಗೆ ಮೂರ್ಛೆ ಬರಲಿಲ್ಲ. ಆದರೂ ಔಷಧಿ ಹಿಡಿಯಲೆಂದು ಪೂರಾ ಒಂದು ಗಂಟೆ ಅಲ್ಲೇ ಮಲಗಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಮಲಗಿದ್ದಳು.

ನಾವು ಊರು ಸೇರಿದಾಗ ಮೂರೂ ಮುಕ್ಕಾಲು. ಚನ್ನಮ್ಮನ ಮನೆಯಿದ್ದ ಬೀದಿಯಲ್ಲಿ ಮಗ್ಗಗಳ ಸದ್ದು ನಿಂತಿತ್ತು. ಮನೆಯ ಮುಂದೆ ಜನ. ಗಾಡಿ ನಿಲ್ಲುವ ಮೊದಲೇ ಗೌರಮ್ಮ ಧುಮುಕಿ ಓಡಿದಳು.

ನಡೆದದ್ದು ಇಷ್ಟು. ಚನ್ನಮ್ಮನ ಮಗ ವ್ಯಾಪಾರಕ್ಕೆ ರಾಯದುರ್ಗಕ್ಕೆ ಹೋಗಿದ್ದ. ಮನೆಯಲ್ಲಿ ಚನ್ನಮ್ಮ ಒಬ್ಬಳೇ. ಮಧ್ಯಾಹ್ನ ಚಳಿ ಏರಿದೆ. ಅಂಥ ಬಿಸಿಲಿನಲ್ಲೂ ಹಲ್ಲು ಕಟಕಟ ಎನ್ನುವಂಥ ಚಳಿ. ಮಗ ಆ ತಿಂಗಳು ತಾನೇ ತಂದುಕೊಟ್ಟಿದ್ದ ಹೊಸ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದಾಳೆ. ಹಾಗೇ ಮಂಪರು ಬಂದು ಮುಂದಕ್ಕೆ ಬಗ್ಗಿರಬೇಕು. ಕಂಬಳಿ ಸುಟ್ಟು ಒಳಗಿನ ಸೀರೆಗೆ ಹತ್ತಿದೆ. ಪಕ್ಕದ ಮನೆಯ ತಿಪ್ಪಮ್ಮ ಕೂಗು ಕೇಳಿ ಬಂದು ನೀರು ಸುರಿದು ಆರಿಸಿದ್ದಳು.

ಒಳಗೆ ಕಾಲಿಟ್ಟೊಡನೆ ಅದೇ ವಾಸನೆ. ಉಣ್ಣೆ, ಅದರ ಹಿಂದೆ ಹುಣಸೆಬೀಜದ ಗಂಜಿ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಬಸಪ್ಪ ಹಿಂದಿನಿಂದ ತಳ್ಳಿದ ಮೇಲೆ ಮುಂದೆ ಹೋದೆ.

ನೋಡಿದೊಡನೆ ಗೊತ್ತಾಯಿತು, ಉಳಿಯುವುದಿಲ್ಲ. ಸುಣ್ಣದ ತಿಳಿನೀರಿಗೆ ಎಣ್ಣೆ ಬೆರೆಸಿ ಬಟ್ಟೆಯಲ್ಲಿ ಅದ್ದಿ ಹಾಸಿದೆ. ನೋವಿಗೆ ಅಫೀಮಿನ ಹನಿ ಕೊಟ್ಟೆ. ನನ್ನ ವಿದ್ಯೆ ಮುಗಿಯಿತು. ಮಗಳ ದನಿ ಕೇಳಿ ಆ ತಾಯಿ ಕಣ್ಣು ತೆರೆದಳು. "ಗೌರೀ, ಬಂದ್ಯಾ. ಚಳಿ ಕಣವ್ವ, ಇನ್ನೂ ಚಳಿ ಐತೆ" ಎಂದಳು. ಹೊದಿಸೋಣವೆಂದರೆ ಆ ಮೈಗೆ ಏನನ್ನೂ ತಾಗಿಸುವಂತಿರಲಿಲ್ಲ. ಗೌರಮ್ಮ ತಾಯಿಯ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಬೆಳಕು ಹರಿಯುವ ಮೊದಲೇ ಚನ್ನಮ್ಮ ಹೋದಳು.

ಆ ಬೆಳಿಗ್ಗೆಯೇ ಸುದ್ದಿ ತಿಳಿದು ಮಗ ಬಂದ, ಮಣ್ಣಾಯಿತು. ನಾನು ನನ್ನ ಕೆಲಸಕ್ಕೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ತಲೆಯೊಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಬೆಂಕಿ ಹತ್ತಿದ್ದು ಯಾವಾಗ? ಎರಡು ಗಂಟೆಗೆ ಮೊದಲೇ ಹತ್ತಿದ್ದರೆ ನನಗೆ ನೆಮ್ಮದಿ. ವಾಸನೆ ಹೇಗೋ ಗಾಳಿಯಲ್ಲಿ ಬಂತು, ನಾವು ಓಡಿಬಂದಿದ್ದರೂ ಪ್ರಯೋಜನವಿರಲಿಲ್ಲ ಎಂದುಕೊಳ್ಳಬಹುದು. ತಿಪ್ಪಮ್ಮನನ್ನು ಕೇಳಿದೆ. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಗಡಿಯಾರ?

"ಹೊತ್ತು ನಂಗೇನ್ ಗೊತ್ತು ಸ್ವಾಮಿ. ನಾನು ಹಿತ್ತಲಾಗೆ ಒಳಕಲ್ಲು ತೊಳಿಯಾಕೆ ಬಂದಿದ್ದೆ. ಬಿಸಿಲು ಸರೀಲಿ ಅಂತ ಕಾಯ್ತಾ ಇದ್ದೆ. ಗೋಡೆ ನೆಳ್ಳು ಒಳಕಲ್ಲಿಗೆ ತಾಗ್ತು, ಕುಂತೆ. ಕುಂತಿದ್ದೇ ತಡ, ಕೂಗು ಕೇಳಿಸ್ತು."

"ಬೆಂಕಿ ಅದಕ್ಕಿಂತ ಮೊದಲೇ ಹತ್ತಿರಬಹುದಲ್ಲ?"

"ಎಲ್ಲೀದು. ಅದಕ್ಕೆ ಮುಂಚೆ ನಾನೇ ಒಳಗೋಗಿ ಕುಡಿಯಾಕೆ ಗಂಜಿ ಕೊಟ್ಟು ಬಂದಿದ್ನಲ್ಲ. ಕಂಬಳಿ ಹೊದ್ದು ಕುಂತಿದ್ಳು. 'ಈವತ್ತು ಗೌರಿ ಬರ್ತಾಳೆ' ಅಂದ್ಳು."

ಆ ಮಧ್ಯಾಹ್ನ ಎರಡು ಗಂಟೆಗೆ ನಾನು ಗಡಿಯಾರ ಹಿಡಿದು ತಿಪ್ಪಮ್ಮನ ಹಿತ್ತಲಲ್ಲಿ ನಿಂತೆ. ಗೋಡೆಯ ನೆರಳಿಗೂ ಒಳಕಲ್ಲಿಗೂ ನಡುವೆ ಒಂದು ಗೇಣಿನ ಬಿಸಿಲಿತ್ತು. ಬೇಗ ತಾಗಲಿ ಎಂದು ಬೇಡಿಕೊಂಡೆ. ಎರಡೂ ಹತ್ತು. ನೆರಳು ಇನ್ನೂ ಆಚೆಯೇ ಇತ್ತು. ಎರಡೂಕಾಲು. ಎರಡೂವರೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಸಾವುಗಳ ಪಕ್ಕ ಕೂತಿದ್ದೇನೆ, ಆ ಅರ್ಧ ಗಂಟೆಯಷ್ಟು ಉದ್ದವಾದ ಹೊತ್ತನ್ನು ಕಂಡಿಲ್ಲ. ನೆರಳು ಒಳಕಲ್ಲಿನ ಅಂಚನ್ನು ಮುಟ್ಟಿದಾಗ ಎರಡು ಗಂಟೆ ನಲವತ್ತು ನಿಮಿಷವಾಗಿತ್ತು.

ಹೊಂಗೆಮರದಿಂದ ಆ ಮನೆಗೆ ಎತ್ತಿನ ಗಾಡಿ ಜೋರಾಗಿ ಹೊಡೆದರೆ ಇಪ್ಪತ್ತು ನಿಮಿಷ ಸಾಕು.

ತಿರುಗಿ ನೋಡಿದರೆ ಗೌರಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನೇ ಹೇಳಿದೆ. ಹೊತ್ತಿನ ಲೆಕ್ಕ ಹೇಳಿದೆ, ಆಮೇಲೆ, "ನಿನ್ನೆ ನನಗೂ ವಾಸನೆ ಬಂದಿತ್ತಮ್ಮ. ಸುಳ್ಳು ಹೇಳಿದೆ" ಎಂದೆ.

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲೆಂದೇ ಹೇಳಿದ್ದೆನೋ ಏನೋ. ಅವಳು "ಹಂಗಾದ್ರೆ ನಂಗೆ ಹುಚ್ಚಲ್ಲ" ಎಂದಳು. ಆಮೇಲೆ ಕೇಳಿದಳು: "ಔಷಧಿ ಕುಡೀದೆ ಇದ್ದಿದ್ರೆ, ಇನ್ನೂ ಮೊದ್ಲೇ ಗೊತ್ತಾಗ್ತಿತ್ತೇನ್ರಿ?"

ನಾನು ಗಡಿಯಾರವನ್ನು ಜೇಬಿಗೆ ಇಳಿಸಿದೆ.

ಇನ್ನು ಇವಳು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಇಪ್ಪತ್ತು ದಿನದ ಮೇಲೆ ಚಳ್ಳಕೆರೆಗೆ ಒಬ್ಬಳೇ ನಡೆದು ಬಂದಳು. ಖಾಲಿ ಸೀಸೆಯನ್ನು ಮೇಜಿನ ಮೇಲಿಟ್ಟಳು. "ತುಂಬಿ ಕೊಡ್ರಿ. ಜಾಸ್ತೀನೇ ಕೊಡ್ರಿ. ಗಂಡ ಅವ್ನೆ, ಅತ್ತೆ ಅವ್ಳೆ. ಇನ್ಯಾರ ವಾಸ್ನೇನೂ ನಂಗೆ ಬ್ಯಾಡ" ಎಂದಳು. ತುಂಬಿ ಕೊಟ್ಟೆ.

ಅವಳಿಗೆ ಆ ವಾಸನೆ ಮತ್ತೆ ಬರಲಿಲ್ಲ. ಮೂರ್ಛೆ ನಾಲ್ಕಾರು ಸಲ ಬಂತು, ಈಗ ಯಾವ ಸೂಚನೆಯೂ ಇಲ್ಲದೆ. ಕೆಲವು ವರ್ಷಗಳ ಮೇಲೆ ಬ್ರೋಮೈಡಿಗಿಂತ ಒಳ್ಳೆಯ ಬಿಳಿ ಗುಳಿಗೆಗಳು ಬಂದವು. ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಅಂಚೆಯಲ್ಲಿ ಕಳಿಸಿಕೊಟ್ಟೆ. ಬದುಕಿದಳು, ಇಬ್ಬರು ಮಕ್ಕಳಾದರು ಎಂದು ಕೇಳಿದ್ದೇನೆ.

ನಾನು ಕಲಿತ ಗುರುಗಳೊಬ್ಬರಿಗೆ ಇದನ್ನೆಲ್ಲ ಬರೆದಿದ್ದೆ. ಬಿಸಿಲು, ಆಯಾಸ, ಅವಳ ಮಾತು ನಿನ್ನ ಮನಸ್ಸಿನ ಮೇಲೆ ಮಾಡಿದ ಪರಿಣಾಮ ಎಂದು ಅವರು ಉತ್ತರಿಸಿದರು. ಇರಬಹುದು. ಆದರೆ ಅವಳು ಹುಣಸೆಬೀಜದ ಗಂಜಿಯ ಮಾತನ್ನು ಯಾವತ್ತೂ ಆಡಿರಲಿಲ್ಲ. ತಿಪ್ಪಮ್ಮನ ನೆನಪು ತಪ್ಪಿರಬಹುದೇ? ಅದೂ ಇರಬಹುದು, ತಪ್ಪಿರಲಿ ಎಂದು ನಾನು ಹಂಬಲಿಸುತ್ತಿರುವುದರಿಂದ ಆ ಯೋಚನೆಯನ್ನೂ ನಂಬುವುದಿಲ್ಲ. ನನಗೇ ಆ ರೋಗವಿದೆಯೇನೋ ಎಂದು ವರ್ಷಗಟ್ಟಲೆ ನನ್ನನ್ನು ನಾನೇ ಕಾದು ನೋಡಿದೆ. ಏನೂ ಆಗಲಿಲ್ಲ.

ಆ ಮರದ ಕೆಳಗೆ ನಾನು ಮಾಡಿದ್ದು ವೈದ್ಯಶಾಸ್ತ್ರದ ಪ್ರಕಾರ ಸರಿ. ನಾಳೆ ಅಂಥ ರೋಗಿಯೊಡನೆ ಅಂಥ ದಾರಿಯಲ್ಲಿ ಹೋಗಬೇಕಾಗಿ ಬಂದರೆ ಗಾಡಿ ನಿಲ್ಲಿಸು ಎಂದೇ ಹೇಳುತ್ತೇನೆ. ಹಾಗೆ ಹೇಳುವ ಮೊದಲು, ಯಾರಿಗೂ ಕಾಣದ ಹಾಗೆ, ನಾನೂ ಒಮ್ಮೆ ಉಸಿರೆಳೆದು ನೋಡುತ್ತೇನೆ.